‘ನಾಳೆಯಿಂದ ಓದುತ್ತೇನೆ’: ಕೆಲಸ ಮುಂದೂಡುವ ಕಾಲೇಜು ಮಕ್ಕಳೂ ಅವರ ಆರೋಗ್ಯವೂ

ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಈ ಮಾತು ನಿಮ್ಮ ಕಿವಿಗೆ ಹೊಸತಲ್ಲ. “ಅಸೈನ್‌ಮೆಂಟ್ ಬರೆದು ಆಯಿತಾ?” ಎಂದು ಕೇಳಿದರೆ, “ನಾಳೆ ಬರೀತೇನೆ ಉಮ್ಮ, ಇನ್ನೂ ಒಂದು ವಾರ ಇದೆಯಲ್ಲ” ಎಂಬ ಉತ್ತರ. ಆ ವಾರ ಕಳೆದು ಕೊನೆಯ ರಾತ್ರಿ ಬಂದಾಗ, ಮನೆಯವರೆಲ್ಲ ಮಲಗಿದ ಮೇಲೂ ಒಂದು ಕೋಣೆಯಲ್ಲಿ ದೀಪ ಉರಿಯುತ್ತಿರುತ್ತದೆ. ಬೆಳಿಗ್ಗೆ ಕಣ್ಣು ಕೆಂಪು, ತಿಂಡಿ ತಟ್ಟೆಯಲ್ಲೇ ಬಾಕಿ, ಬಸ್ಸಿಗಾಗಿ ಓಟ. ಸಂಜೆ ಮರಳುವಾಗ ತಲೆನೋವು. “ಇನ್ನು ಮುಂದೆ ಹೀಗೆ ಮಾಡುವುದಿಲ್ಲ” ಎಂಬ ನಿರ್ಧಾರ. ಮುಂದಿನ ತಿಂಗಳು ಪುನಃ ಅದೇ ಕಥೆ.

ಇದಕ್ಕೆ ನಾವು ಸೋಮಾರಿತನ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ಅಂಕ ಕಡಿಮೆ ಬಂದರೆ ಮಾತ್ರ ಅದರ ಬಗ್ಗೆ ಮಾತಾಡುತ್ತೇವೆ. ಆದರೆ ಈ ಅಭ್ಯಾಸ ಅಂಕಪಟ್ಟಿಯನ್ನು ಮಾತ್ರವಲ್ಲ, ನಿದ್ದೆ, ಹೊಟ್ಟೆ, ಬೆನ್ನು, ಮನಸ್ಸು ಎಲ್ಲವನ್ನೂ ಮುಟ್ಟುತ್ತದೆ. ಹಾಗಾಗಿ ಇದನ್ನು ಆರೋಗ್ಯದ ವಿಷಯವಾಗಿಯೂ ನೋಡಬೇಕಾಗಿದೆ. ಈ ಲೇಖನದ ಹೆಚ್ಚಿನ ಭಾಗ ಕಾಲೇಜಿನಲ್ಲಿ ಕಲಿಯುತ್ತಿರುವ ನಿಮಗಾಗಿ. ಕೊನೆಯಲ್ಲಿ ನಿಮ್ಮ ಹೆತ್ತವರಿಗೂ ಕೆಲವು ಮಾತುಗಳಿವೆ.

ಎಲ್ಲ ವಿಳಂಬವೂ ಒಂದೇ ಅಲ್ಲ

ಜ್ವರ ಬಂದಿದೆಯೆಂದು ಎರಡು ದಿನ ಪುಸ್ತಕ ಮುಟ್ಟದಿರುವುದು ಮುಂದೂಡುವ ಚಟವಲ್ಲ. ಅಣ್ಣನ ಮದುವೆ ಮುಗಿಯಲಿ, ಆಮೇಲೆ ಪ್ರಾಜೆಕ್ಟ್ ಕೆಲಸ ಎಂದು ಲೆಕ್ಕ ಹಾಕಿ ಬದಿಗಿಡುವುದೂ ಅಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತೂಗಿ ನೋಡುವುದು ಬುದ್ಧಿವಂತಿಕೆ.

ಆದರೆ ಈಗಲೇ ಮಾಡಬೇಕಾದ ಕೆಲಸ, ಮಾಡಲು ಸಮಯವೂ ಇದೆ, ಮಾಡದಿದ್ದರೆ ನಮಗೇ ನಷ್ಟ ಎಂದು ಚೆನ್ನಾಗಿ ಗೊತ್ತೂ ಇದೆ. ಹಾಗಿದ್ದೂ ಕೈ ಅತ್ತ ಹೋಗುವುದಿಲ್ಲ. ಇಲ್ಲಿಂದ ಸಮಸ್ಯೆ ಶುರು.

ಇದು ಸೋಮಾರಿತನ ಹೌದೇ? ನಿಮ್ಮನ್ನೇ ಗಮನಿಸಿ ನೋಡಿ. ಸೋಮಾರಿ ಆರಾಮವಾಗಿರುತ್ತಾನೆ. ಕೆಲಸ ಬಾಕಿ ಇದೆ ಎಂಬ ಚಿಂತೆಯೇ ಅವನಿಗಿಲ್ಲ. ಮುಂದೂಡುವವರಿಗೆ ಆ ಆರಾಮ ಇಲ್ಲ. ಓದಲು ಕುಳಿತವರು ಮೊದಲು ಮೇಜು ಒರೆಸುತ್ತಾರೆ. ಪುಸ್ತಕಗಳನ್ನು ಜೋಡಿಸುತ್ತಾರೆ. ವೇಳಾಪಟ್ಟಿ ಬರೆದು ಅದಕ್ಕೆ ಬಣ್ಣದ ಗೆರೆ ಎಳೆಯುತ್ತಾರೆ. ಗೆಳೆಯನಿಗೆ ಫೋನ್ ಮಾಡಿ “ನೀನು ಎಷ್ಟು ಮುಗಿಸಿದೆ?” ಎಂದು ವಿಚಾರಿಸುತ್ತಾರೆ. ಆ ಒಂದು ಕೆಲಸವನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡುತ್ತಾರೆ. ಮೊಬೈಲಿನಲ್ಲಿ ನಗೆ ವಿಡಿಯೊ ನೋಡುವಾಗಲೂ ಎದೆಯ ಮೂಲೆಯಲ್ಲಿ ಆ ಬಾಕಿ ಕೆಲಸ ಚುಚ್ಚುತ್ತಲೇ ಇರುತ್ತದೆ. ಕೆಲಸವೂ ಆಗಲಿಲ್ಲ, ವಿಶ್ರಾಂತಿಯೂ ಸಿಗಲಿಲ್ಲ.

ನಾವು ತಪ್ಪಿಸಿಕೊಳ್ಳುವುದು ಯಾವುದರಿಂದ?

ಮುಂದೂಡುವಿಕೆಯ ಬಗ್ಗೆ ಬಹಳ ವರ್ಷ ಅಧ್ಯಯನ ನಡೆಸಿದ ಫ್ಯುಷಿಯಾ ಸಿರೋಯ್ ಮತ್ತು ತಿಮೊತಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಸಮಯ ಹೊಂದಿಸಲು ಬಾರದಿರುವುದು ಇದರ ಮೂಲವಲ್ಲ; ಕೆಲಸ ಹುಟ್ಟಿಸುವ ಅಹಿತಕರ ಭಾವನೆಯನ್ನು ತಡೆದುಕೊಳ್ಳಲಾಗದೆ ನಾವು ಅದರಿಂದ ದೂರ ಸರಿಯುತ್ತೇವೆ ಎಂಬುದು ಅದರ ಸಾರ.

ಒಂದು ಉದಾಹರಣೆ ನೋಡೋಣ. ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಸಂಖ್ಯಾಶಾಸ್ತ್ರದ ಪುಸ್ತಕ ತೆರೆಯುತ್ತಾಳೆ ಎಂದುಕೊಳ್ಳಿ. ಮೊದಲ ಲೆಕ್ಕವೇ ಅರ್ಥವಾಗುವುದಿಲ್ಲ. ಎದೆ ಸಣ್ಣಗೆ ಭಾರವಾಗುತ್ತದೆ. ‘ನನ್ನಿಂದ ಆಗದು’ ಎಂಬ ಯೋಚನೆ ಹಾದುಹೋಗುತ್ತದೆ. ಕೈ ತಾನಾಗಿ ಮೊಬೈಲಿನ ಕಡೆ ಚಾಚುತ್ತದೆ. ಪುಸ್ತಕ ಮುಚ್ಚಿದ ಕ್ಷಣವೇ ಆ ಭಾರ ಇಳಿದು ಹಾಯೆನಿಸುತ್ತದೆ. ಪುಸ್ತಕ ಮುಚ್ಚಿದರೆ ಹಿತ ಎಂಬ ಪಾಠವನ್ನು ಮೆದುಳು ಅಲ್ಲಿ ಕಲಿತುಬಿಟ್ಟಿತು. ನಾಳೆ ಅದೇ ಪುಸ್ತಕ ತೆರೆಯುವಾಗ ಭಾರ ಇನ್ನಷ್ಟು ಹೆಚ್ಚು, ಏಕೆಂದರೆ ಈಗ ಒಂದು ದಿನ ಕಳೆದಿದೆ, ಜೊತೆಗೆ ಅಪರಾಧ ಭಾವವೂ ಸೇರಿಕೊಂಡಿದೆ. ಹೀಗೆ ದಿನ ಕಳೆದಂತೆ ಪುಸ್ತಕ ದೊಡ್ಡದಾಗುವುದಿಲ್ಲ, ಅದರ ಹೆದರಿಕೆ ಮಾತ್ರ ದೊಡ್ಡದಾಗುತ್ತದೆ.

ಹೆದರಿಕೆಯ ಕಾರಣ ಎಲ್ಲರಿಗೂ ಒಂದೇ ಅಲ್ಲ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಒಮ್ಮೆಲೇ ಇಂಗ್ಲಿಷ್ ಪಠ್ಯಕ್ಕೆ ಬಂದವರಿಗೆ ಒಂದು ಪುಟ ಓದುವುದೇ ಬೆಟ್ಟ ಹತ್ತಿದಂತೆ. ಕೆಲವರಿಗೆ ತಾನು ಬರೆದದ್ದು ಚೆನ್ನಾಗಿರದಿದ್ದರೆ ಮೇಡಂ ಏನೆಂದುಕೊಳ್ಳುವರೋ ಎಂಬ ಅಳುಕು. ಎಲ್ಲವೂ ಸರಿಯಾಗಿರಬೇಕೆಂಬ ಹಟದಲ್ಲಿ ಮೊದಲ ಸಾಲನ್ನೇ ಬರೆಯುವುದಿಲ್ಲ. ತನಗೆ ಇಷ್ಟವಿಲ್ಲದ ಕೋರ್ಸಿಗೆ ಸೇರಿದವರ ಸಂಕಟ ಬೇರೆ. ಸಂಜೆ ಅಂಗಡಿಯಲ್ಲಿ ದುಡಿದು ಬಂದವರಿಗೆ, ಮನೆಯ ಅಡುಗೆ, ಪಾತ್ರೆ, ತಮ್ಮ ತಂಗಿಯರ ಆರೈಕೆ ಮುಗಿಸಿ ಕೂರುವ ಹೆಣ್ಣುಮಕ್ಕಳಿಗೆ ಬರಿಯ ಆಯಾಸವೇ ಕಾರಣವಾಗಿರಬಹುದು. ನಿಮ್ಮ ಕಾರಣ ಯಾವುದು ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಪರಿಹಾರ ಅಲ್ಲಿಂದ ಶುರುವಾಗುತ್ತದೆ.

ದೇಹ ತೆರುವ ಬೆಲೆ

1997ರಲ್ಲಿ ಅಮೆರಿಕದ ಡಯಾನ್ ಟೈಸ್ ಮತ್ತು ರಾಯ್ ಬಾಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಸೆಮಿಸ್ಟರಿನ ಆರಂಭದಲ್ಲಿ ಕೆಲಸ ಮುಂದೂಡುವವರೇ ಹೆಚ್ಚು ನೆಮ್ಮದಿಯಲ್ಲಿದ್ದರು. ಅವರಿಗೆ ಒತ್ತಡವೂ ಕಡಿಮೆ, ಅನಾರೋಗ್ಯವೂ ಕಡಿಮೆ. ಆದರೆ ಸೆಮಿಸ್ಟರಿನ ಕೊನೆಗೆ ಚಿತ್ರ ತಲೆಕೆಳಗಾಯಿತು. ಅವರ ಒತ್ತಡ ಮತ್ತು ಕಾಯಿಲೆ ಉಳಿದವರಿಗಿಂತ ಹೆಚ್ಚಾಯಿತು. ಒಟ್ಟು ಲೆಕ್ಕ ಹಾಕಿದಾಗ ಮೊದಲು ಸಿಕ್ಕ ನೆಮ್ಮದಿಗಿಂತ ಆಮೇಲೆ ಅನುಭವಿಸಿದ ಕಷ್ಟವೇ ದೊಡ್ಡದಾಗಿತ್ತು. ಅಂಕವೂ ಕಡಿಮೆ ಬಂದಿತ್ತು. ‘ಕೊನೆಯ ಗಳಿಗೆಯ ಒತ್ತಡದಲ್ಲೇ ನನಗೆ ಚೆನ್ನಾಗಿ ಓದಲಾಗುವುದು’ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಸ್ವೀಡನ್‌ನ ವಿಶ್ವವಿದ್ಯಾಲಯಗಳ 3,525 ವಿದ್ಯಾರ್ಥಿಗಳ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ದಿಕ್ಕನ್ನು ತೋರಿಸುತ್ತದೆ. ಹೆಚ್ಚು ಮುಂದೂಡುವವರಲ್ಲಿ ಕೆಲವು ತಿಂಗಳ ನಂತರ ಖಿನ್ನತೆ, ಆತಂಕ, ಕೆಟ್ಟ ನಿದ್ದೆ, ಕೈತೋಳು ನೋವು, ಒಂಟಿತನ, ವ್ಯಾಯಾಮದ ಕೊರತೆ ಸ್ವಲ್ಪ ಹೆಚ್ಚಾಗಿ ಕಂಡುಬಂದವು. ಮುಂದೂಡಿದ್ದೇ ಇವುಗಳಿಗೆಲ್ಲ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಇವು ಜೊತೆಜೊತೆಯಾಗಿ ನಡೆಯುತ್ತವೆ ಎಂಬುದು ಗಮನಿಸಬೇಕಾದ ಸಂಗತಿ.

ಕೊನೆಯ ರಾತ್ರಿಯಲ್ಲಿ ದೇಹಕ್ಕೆ ಏನಾಗುತ್ತದೆ ಎಂದು ತಿಳಿಯಲು ಅಧ್ಯಯನವೇ ಬೇಕೆಂದಿಲ್ಲ. 18ರಿಂದ 25 ವರ್ಷದವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ದೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಅಗತ್ಯ. ನಿದ್ದೆ ಬಿಟ್ಟು ಓದುವುದೆಂದರೆ ತೂತು ಕೊಡಪಾನಕ್ಕೆ ನೀರು ತುಂಬಿದಂತೆ. ಎಚ್ಚರವಿರಲು ರಾತ್ರಿ ಹತ್ತಕ್ಕೆ ಕುಡಿದ ಗಟ್ಟಿ ಕಾಫಿಯ ಕೆಫೀನ್ ಐದು ಗಂಟೆ ಕಳೆದರೂ ಸುಮಾರು ಅರ್ಧದಷ್ಟು ದೇಹದಲ್ಲೇ ಉಳಿದಿರುತ್ತದೆ. ಹಾಗಾಗಿ ಮೂರು ಗಂಟೆಗೆ ಮಲಗಿದರೂ ನಿದ್ದೆ ಹತ್ತುವುದಿಲ್ಲ. ಖಾಲಿ ಹೊಟ್ಟೆಗೆ ಮೇಲಿಂದ ಮೇಲೆ ಚಹಾ ಬಿದ್ದರೆ ಎದೆಯುರಿ. ಹಾಸಿಗೆಯಲ್ಲಿ ಬಗ್ಗಿ ಕುಳಿತು ರೆಕಾರ್ಡ್ ಪುಸ್ತಕ ಬರೆದರೆ ಕುತ್ತಿಗೆ, ಸೊಂಟದ ನೋವು. ಏಳಲು ಸಮಯವಿಲ್ಲವೆಂದು ನೀರು ಕುಡಿಯದೆ, ಮೂತ್ರ ತಡೆದು ಕೂರುವವರಿದ್ದಾರೆ; ಇದು ಮೂತ್ರದ ಸೋಂಕಿಗೆ ಅವಕಾಶ ಕೊಡುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ನಿದ್ದೆಗಣ್ಣಿನಲ್ಲಿ ಬೈಕ್ ಹತ್ತಿ ಪರೀಕ್ಷೆಗೆ ಹೊರಡುವ ಹುಡುಗರ ಅಪಾಯವನ್ನು ಬೇರೆ ಹೇಳಬೇಕಾಗಿಲ್ಲ.

ಒಂದು ಕೆಲಸವನ್ನು ತುಂಡು ಮಾಡುವುದು

ಹಾಗಾದರೆ ಮಾಡುವುದೇನು? ಹೆದರಿಕೆಯಿಂದ ತಪ್ಪಿಸಿಕೊಳ್ಳುವುದೇ ಸಮಸ್ಯೆಯಾದರೆ, ಕೆಲಸವನ್ನು ಹೆದರಿಕೆ ಹುಟ್ಟಿಸದಷ್ಟು ಚಿಕ್ಕದು ಮಾಡುವುದೇ ಮೊದಲ ಮದ್ದು.

‘ಇವತ್ತು ಅರ್ಥಶಾಸ್ತ್ರ ಓದಬೇಕು’ ಎಂಬುದು ಕೆಲಸವಲ್ಲ, ಅದು ಆಸೆ. ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅದರಲ್ಲಿ ಇಲ್ಲ. ‘ಎರಡನೇ ಅಧ್ಯಾಯದ ಮೊದಲ ನಾಲ್ಕು ಪುಟ ಓದಿ, ಐದು ಸಾಲಿನ ಟಿಪ್ಪಣಿ ಬರೆಯುವುದು’ ಎಂಬುದು ಕೆಲಸ. ಹತ್ತು ಪುಟದ ಅಸೈನ್‌ಮೆಂಟ್ ಕೊಟ್ಟಿದ್ದಾರೆ ಎಂದುಕೊಳ್ಳಿ. ಮೊದಲ ದಿನ ಪ್ರಶ್ನೆಯನ್ನು ನಿಮ್ಮದೇ ಭಾಷೆಯಲ್ಲಿ ಬರೆದುಕೊಳ್ಳಿ, ಬೇಕಾದ ಎರಡು ಪುಸ್ತಕ ಗ್ರಂಥಾಲಯದಿಂದ ತನ್ನಿ. ಅಷ್ಟೇ, ಅಂದಿನ ಕೆಲಸ ಮುಗಿಯಿತು. ಎರಡನೇ ದಿನ ಉಪಶೀರ್ಷಿಕೆಗಳು. ಮೂರನೇ ಮತ್ತು ನಾಲ್ಕನೇ ದಿನ ಕಚ್ಚಾ ಪ್ರತಿ, ಕನ್ನಡ ಇಂಗ್ಲಿಷ್ ಬೆರೆತರೂ ಪರವಾಗಿಲ್ಲ, ತಪ್ಪಿದ್ದರೂ ಪರವಾಗಿಲ್ಲ. ಐದನೇ ದಿನ ತಿದ್ದುವುದು. ಆರನೇ ದಿನ ಚೆಂದದ ಅಕ್ಷರದಲ್ಲಿ ಬರೆಯುವುದು. ಏಳನೇ ದಿನ ಅನಿರೀಕ್ಷಿತ ಕೆಲಸಗಳಿಗಾಗಿ ಕೈಯಲ್ಲಿರಲಿ. ಮನೆಗೆ ನೆಂಟರು ಬರುವುದು, ಕರೆಂಟ್ ಹೋಗುವುದು ನಮ್ಮಲ್ಲಿ ಇದ್ದದ್ದೇ.

ಕಚ್ಚಾ ಪ್ರತಿ ಕೆಟ್ಟದಾಗಿಯೇ ಇರಲಿ ಎಂದು ಒಪ್ಪಿಕೊಂಡು ಶುರು ಮಾಡಿ. ಬರೆದ ಕೆಟ್ಟ ಪುಟವನ್ನು ತಿದ್ದಬಹುದು, ಖಾಲಿ ಪುಟವನ್ನು ತಿದ್ದಲು ಬರುವುದಿಲ್ಲ.

ಯಾವಾಗ, ಎಲ್ಲಿ ಎಂದು ಮೊದಲೇ ನಿಗದಿ ಮಾಡಿ

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸರಳವಾದದ್ದು. ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದೆವು ಎಂದು ಎರಡು ದಿನದೊಳಗೆ ಬರೆದು ಕಳಿಸಲು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಅರ್ಧದಷ್ಟು ಮಂದಿಗೆ ಯಾವಾಗ, ಎಲ್ಲಿ ಕುಳಿತು ಬರೆಯುತ್ತೀರಿ ಎಂಬುದನ್ನೂ ಮೊದಲೇ ನಿರ್ಧರಿಸಲು ಹೇಳಿದರು. ಹಾಗೆ ನಿರ್ಧರಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಸಮಯಕ್ಕೆ ಸರಿಯಾಗಿ ಬರೆದರು. ಉಳಿದವರಲ್ಲಿ ಬರೆದವರು ಮೂರನೇ ಒಂದರಷ್ಟು ಮಾತ್ರ. ಎಲ್ಲರ ಮನಸ್ಸಿನಲ್ಲೂ ಬರೆಯಬೇಕು ಎಂದಿತ್ತು, ಆದರೆ ಗಳಿಗೆ ಮತ್ತು ಜಾಗ ಗೊತ್ತಾಗಿದ್ದವರು ಮುಗಿಸಿದರು.

ನಮ್ಮ ಮನೆಗಳಲ್ಲಿ ಈ ಗಳಿಗೆಯನ್ನು ಹುಡುಕುವುದು ಕಷ್ಟವಲ್ಲ. ದಿನದ ಐದು ನಮಾಝ್‌ಗಳು ದಿನವನ್ನು ಆಗಲೇ ಭಾಗ ಮಾಡಿಕೊಟ್ಟಿವೆ. ‘ಸಂಜೆ ಓದುತ್ತೇನೆ’ ಎನ್ನುವ ಬದಲು ‘ಮಗ್ರಿಬ್ ಮುಗಿಸಿ ಎದ್ದ ಕೂಡಲೇ ಕಿಟಕಿ ಪಕ್ಕದ ಮೇಜಿನಲ್ಲಿ ಲೆಕ್ಕದ ಪುಸ್ತಕ ತೆರೆಯುತ್ತೇನೆ’ ಎಂದು ಬರೆದಿಡಿ. ಫಜ್ರ್ ನಂತರ ಮನೆಯಲ್ಲಿ ಗದ್ದಲ ಶುರುವಾಗುವ ಮೊದಲಿನ ಮುಕ್ಕಾಲು ಗಂಟೆ ಕಷ್ಟದ ವಿಷಯಕ್ಕೆ ಒಳ್ಳೆಯ ಸಮಯ. ಆದರೆ ಅದು ರಾತ್ರಿ ಬೇಗ ಮಲಗಿದವರಿಗೆ ಮಾತ್ರ.

ರಮಝಾನ್‌ನಲ್ಲಿ ಸೆಮಿಸ್ಟರ್ ನಡೆಯುತ್ತಿದ್ದರೆ ‘ಎಲ್ಲ ಈದ್ ಆದ ಮೇಲೆ’ ಎಂದು ಇಡೀ ತಿಂಗಳ ಪಾಠವನ್ನು ಗುಡ್ಡೆ ಹಾಕುವವರಿದ್ದಾರೆ. ತರಾವೀಹ್ ಮುಗಿಸಿ ಸಹರಿಯವರೆಗೆ ಮೊಬೈಲ್ ಹಿಡಿದು ಎಚ್ಚರವಿರುವವರೂ ಇದ್ದಾರೆ. ಇದರ ಬದಲು ಸಹರಿಯ ನಂತರ ಅಥವಾ ಬೆಳಗಿನ ಹೊತ್ತಿಗೆ ತಲೆ ಕೆಲಸದ ಪಾಠ, ಮಧ್ಯಾಹ್ನದ ಸುಸ್ತಿನ ಹೊತ್ತಿಗೆ ರೆಕಾರ್ಡ್ ಬರೆಯುವಂಥ ಸುಲಭದ ಕೆಲಸ, ನಡುವೆ ಸಣ್ಣ ನಿದ್ದೆ ಎಂದು ಹಂಚಿಕೊಂಡರೆ ಆರೋಗ್ಯವೂ ಉಳಿಯುತ್ತದೆ, ಈದ್‌ನ ಸಂತೋಷವೂ ಉಳಿಯುತ್ತದೆ.

ಇಪ್ಪತ್ತೈದು ನಿಮಿಷ, ಇನ್ನೊಂದು ಕೋಣೆಯಲ್ಲಿ ಮೊಬೈಲ್

1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ ಎಂಬ ವಿದ್ಯಾರ್ಥಿಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಆತ ಅಡುಗೆ ಮನೆಯಲ್ಲಿ ಬಳಸುವ ಟೊಮೆಟೊ ಆಕಾರದ ಟೈಮರ್ ತಂದಿಟ್ಟುಕೊಂಡು ಅದು ಗಂಟೆ ಬಾರಿಸುವವರೆಗೆ ಮಾತ್ರ ಓದುವ ಅಭ್ಯಾಸ ಮಾಡಿದ. ಟೊಮೆಟೊಗೆ ಇಟಲಿಯ ಭಾಷೆಯಲ್ಲಿ ಪೊಮೊಡೊರೊ ಎನ್ನುತ್ತಾರೆ. 25 ನಿಮಿಷ ಓದು, 5 ನಿಮಿಷ ಬಿಡುವು, ಹೀಗೆ ನಾಲ್ಕು ಸುತ್ತಿನ ನಂತರ ದೊಡ್ಡ ಬಿಡುವು ಎಂಬ ಈ ಕ್ರಮ ಇಂದು ಅದೇ ಹೆಸರಿನಲ್ಲಿ ಜಗತ್ತಿನೆಲ್ಲೆಡೆ ಪರಿಚಿತ.

ಮೂರು ಗಂಟೆ ಓದಬೇಕು ಎಂದರೆ ಮನಸ್ಸು ಹಿಂಜರಿಯುತ್ತದೆ. 25 ನಿಮಿಷ ಎಂದರೆ ‘ಸರಿ, ಅಷ್ಟೇ ತಾನೆ’ ಎನ್ನುತ್ತದೆ. 25 ಕೂಡ ಭಾರವಾದರೆ 10ರಿಂದ ಶುರು ಮಾಡಿ. ಶುರುವಾದ ಮೇಲೆ ಮುಂದುವರಿಯುವುದು ಸುಲಭ ಎಂಬುದು ನಿಮಗೇ ತಿಳಿಯುತ್ತದೆ. ಬಿಡುವಿನ ಐದು ನಿಮಿಷದಲ್ಲಿ ಎದ್ದು ನಡೆಯಿರಿ, ನೀರು ಕುಡಿಯಿರಿ, ಕಿಟಕಿಯಾಚೆ ದೂರದ ಮರವನ್ನು ನೋಡಿ. ಮೊಬೈಲ್ ಮಾತ್ರ ಮುಟ್ಟಬೇಡಿ. ರೀಲ್ಸ್‌ಗೆ ಕೊನೆಯೆಂಬುದಿಲ್ಲ, ಐದು ನಿಮಿಷ ಐವತ್ತಾಗುವುದು ಗೊತ್ತೇ ಆಗುವುದಿಲ್ಲ.

ಮೊಬೈಲನ್ನು ಮಗುಚಿ ಇಟ್ಟರೆ, ಸೈಲೆಂಟ್ ಮಾಡಿದರೆ ಸಾಲದು. ಇನ್ನೊಂದು ಕೋಣೆಯಲ್ಲಿಡಿ, ಅಥವಾ ಆ ಹೊತ್ತಿಗೆ ಉಮ್ಮನ ಕೈಗೆ ಕೊಡಿ. ಸಮಯ ನೋಡಲು ಗೋಡೆ ಗಡಿಯಾರ ಸಾಕು. ನೋಟ್ಸ್ ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ ಮೊದಲೇ ಕಾಗದಕ್ಕೆ ಇಳಿಸಿಕೊಳ್ಳಿ ಅಥವಾ ಪ್ರಿಂಟ್ ತೆಗೆಸಿ.

ಅರ್ಥವಾಗದ್ದನ್ನು ಕೇಳಿ, ತಪ್ಪಿದ್ದನ್ನು ಕ್ಷಮಿಸಿಕೊಳ್ಳಿ

ಕೆಲಸ ಹೇಗೆ ಮಾಡಬೇಕೆಂದೇ ಗೊತ್ತಿಲ್ಲದಿದ್ದರೆ ಯಾವ ವೇಳಾಪಟ್ಟಿಯೂ ನೆರವಾಗದು. ಅಲ್ಲಿ ಬೇಕಾದದ್ದು ಒಂದು ಪ್ರಶ್ನೆ. ಉಪನ್ಯಾಸಕರ ಬಳಿ ಹೋಗಿ “ಸರ್, ಇದನ್ನು ಎಲ್ಲಿಂದ ಶುರು ಮಾಡಲಿ?” ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ. ಕೇಳಲು ಧೈರ್ಯ ಸಾಲದಿದ್ದರೆ ಸೀನಿಯರ್ ಒಬ್ಬರನ್ನು ಹಿಡಿಯಿರಿ. ಇಬ್ಬರು ಮೂವರು ಗೆಳತಿಯರು ಗ್ರಂಥಾಲಯದಲ್ಲಿ ಒಂದೇ ಮೇಜಿನ ಸುತ್ತ ಕುಳಿತು ತಂತಮ್ಮ ಕೆಲಸ ಮಾಡಿದರೂ ಮುಂದೂಡುವುದು ಎಷ್ಟೋ ಕಡಿಮೆಯಾಗುತ್ತದೆ.

ಇನ್ನು, ಈಗಾಗಲೇ ತಡವಾಗಿದ್ದರೆ? ಹೆಚ್ಚಿನವರು ಇಲ್ಲಿ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಬೈದುಕೊಂಡರೆ ಬುದ್ಧಿ ಬರುತ್ತದೆ ಎಂಬ ನಂಬಿಕೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕಾಗಿ ತಮ್ಮನ್ನು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಯ ಹೊತ್ತಿಗೆ ಕಡಿಮೆ ಮುಂದೂಡಿದರು. ಇದು ಸಹಜವೇ. ಪುಸ್ತಕ ನೋಡಿದಾಗಲೆಲ್ಲ ನಮ್ಮ ತಪ್ಪೇ ನೆನಪಾಗುವುದಾದರೆ ಆ ಪುಸ್ತಕವನ್ನು ಯಾರು ತಾನೇ ತೆರೆದಾರು? ತಪ್ಪನ್ನು ತಪ್ಪೆಂದು ಒಪ್ಪಿ, ಅಲ್ಲಿಗೆ ಬಿಟ್ಟು, ಉಳಿದ ದಿನಗಳಲ್ಲಿ ಏನು ಸಾಧ್ಯ ಎಂದು ನೋಡಿ.

ನಾಚಿಕೆಯಿಂದ ಓಡಿ ಹೋಗುವುದು ಮಾತ್ರ ಬೇಡ. ಒಂದು ರೆಕಾರ್ಡ್ ಬರೆಯದ್ದಕ್ಕೆ ಆ ತರಗತಿಗೆ ಹೋಗದಿರುವುದು, ಎರಡು ವಾರ ಹೋಗದ್ದಕ್ಕೆ ಉಪನ್ಯಾಸಕರ ಮುಖ ನೋಡಲು ಹಿಂಜರಿಯುವುದು, ಹಾಗೆಯೇ ಹಾಜರಾತಿ ಶೇ. 75ಕ್ಕಿಂತ ಕೆಳಗಿಳಿದು ಪರೀಕ್ಷೆಗೆ ಕೂರುವ ಅವಕಾಶವನ್ನೇ ಕಳೆದುಕೊಳ್ಳುವುದು. ಕಾಲೇಜು ಬಿಡುವ ಎಷ್ಟೋ ಮಕ್ಕಳ ದಾರಿ ಹೀಗೆ ಒಂದು ಸಣ್ಣ ಬಾಕಿಯಿಂದ ಶುರುವಾಗಿರುತ್ತದೆ. ಬುದ್ಧಿ ಸಾಲದೆ ಬಿಟ್ಟವರಲ್ಲ ಅವರು. ತಡವಾದರೂ ಹೋಗಿ ನಿಂತು ಕೇಳಿದ್ದರೆ ದಾರಿ ಸಿಗುತ್ತಿತ್ತು.

ಅರ್ಜಿಗಳನ್ನು ಮುಂದೂಡಬೇಡಿ

ಓದು ತಡವಾದರೆ ಮುಂದಿನ ಪರೀಕ್ಷೆ ಇದೆ. ವಿದ್ಯಾರ್ಥಿವೇತನದ ಕೊನೆಯ ದಿನ ತಪ್ಪಿದರೆ ಆ ವರ್ಷದ ಹಣ ಹೋಯಿತು. ಎಷ್ಟೋ ಮನೆಗಳಲ್ಲಿ ಅದು ಒಂದು ವರ್ಷದ ಫೀಸು ಅಥವಾ ಬಸ್ ಪಾಸು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ವೃತ್ತಿಪರ ಕೋರ್ಸಿನವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ, ಹೀಗೆ ಯಾವುದಕ್ಕೆ ಅರ್ಜಿ ಹಾಕುವುದಾದರೂ ಕಾಗದಪತ್ರ ಬೇಕು. ನಾಡಕಚೇರಿಯಿಂದ ಬರಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೇಳಿದ ದಿನವೇ ಕೈಗೆ ಸಿಗುವುದಿಲ್ಲ. ಆಧಾರ್‌ನಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ತಿದ್ದಿಸಲು ಇನ್ನಷ್ಟು ದಿನ ಬೇಕು. ಕೊನೆಯ ದಿನ ಸೈಬರ್ ಸೆಂಟರಿನಲ್ಲಿ ಸಾಲು, ಸರ್ವರ್ ನಿಧಾನ.

ಇದನ್ನೂ ತುಂಡು ಮಾಡಿ. ಒಂದು ಶನಿವಾರ ಕಾಗದಗಳನ್ನೆಲ್ಲ ಒಂದು ಫೈಲಿಗೆ ಹಾಕಿ, ಯಾವುದಿಲ್ಲ ಎಂದು ಬರೆದುಕೊಳ್ಳಿ. ಮುಂದಿನ ವಾರ ನಾಡಕಚೇರಿ. ಅದರ ಮುಂದಿನ ವಾರ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ವಿಚಾರಿಸುವುದು. ಅರ್ಜಿ ಕರೆಯುವ ಮೊದಲೇ ಫೈಲ್ ಸಿದ್ಧವಿದ್ದರೆ ಅರ್ಜಿ ತುಂಬುವುದು ಒಂದು ಗಂಟೆಯ ಕೆಲಸ.

ಹೆತ್ತವರಿಗೆ ಕೆಲವು ಮಾತು

ನಿಮ್ಮ ಮಗ ಅಥವಾ ಮಗಳು ಕೆಲಸ ಮುಂದೂಡುತ್ತಿದ್ದರೆ ಬೈಯಬೇಕೆನಿಸುವುದು ಸಹಜ. ಆದರೆ ಆ ಕೆಲಸ ಅವರಿಗೆ ಈಗಾಗಲೇ ಭಾರವಾಗಿದೆ. ಬೈಗುಳ ಆ ಭಾರಕ್ಕೆ ಇನ್ನೊಂದು ಕಲ್ಲು ಸೇರಿಸುತ್ತದೆ. “ನಿನ್ನ ಮಾವನ ಮಗಳನ್ನು ನೋಡು” ಎಂಬ ಮಾತಿನಿಂದ ಯಾವ ಅಸೈನ್‌ಮೆಂಟೂ ಬೇಗ ಮುಗಿದದ್ದಿಲ್ಲ. “ಯಾವ ಭಾಗ ಕಷ್ಟವಾಗ್ತಾ ಇದೆ?” ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಸಿಗದಿದ್ದರೂ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಮ್ಮ ಕೆಲಸ ಹಿಡಿದು ಕುಳಿತುಕೊಳ್ಳಿ.

ಹಾಗೆಂದು ಅವರ ಕೆಲಸವನ್ನು ನೀವೇ ಮಾಡಿಕೊಡಬೇಡಿ, ಹಣ ಕೊಟ್ಟು ಬೇರೆಯವರಿಂದ ಮಾಡಿಸಲೂ ಬೇಡಿ. ನಿಮ್ಮಿಂದ ಆಗಬೇಕಾದದ್ದು ಸಮಯ ಮತ್ತು ಜಾಗ. ಓದುವ ಒಂದು ಗಂಟೆ ಟಿವಿ ಆರಿಸಿಡಿ. ಆ ಗಂಟೆಯಲ್ಲಿ “ಒಂದು ಚಹಾ ಮಾಡು”, “ಅಂಗಡಿಗೆ ಹೋಗಿ ಬಾ” ಎಂದು ಎಬ್ಬಿಸಬೇಡಿ. ಮಗಳಿಗೆ ಮನೆಗೆಲಸ ಹೆಚ್ಚಿದ್ದರೆ ಪರೀಕ್ಷೆಯ ತಿಂಗಳಲ್ಲಿ ಅದನ್ನು ಮಗನಿಗೂ ಹಂಚಿ. ಮದುವೆ, ನಿಶ್ಚಿತಾರ್ಥದ ದಿನ ಗೊತ್ತು ಮಾಡುವಾಗ ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯನ್ನೊಮ್ಮೆ ನೋಡಿ. ನೀವು ಕೂಡ ವಿದ್ಯುತ್ ಬಿಲ್ಲನ್ನೋ ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆಯನ್ನೋ ತಿಂಗಳುಗಟ್ಟಲೆ ಮುಂದೂಡುತ್ತಿದ್ದರೆ ಮಕ್ಕಳು ನಿಮ್ಮ ಮಾತಿಗಿಂತ ಅದನ್ನೇ ಬೇಗ ಕಲಿಯುತ್ತಾರೆ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಎಲ್ಲ ಮುಂದೂಡುವಿಕೆಯೂ ಅಭ್ಯಾಸವಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲ, ಮೊದಲು ಇಷ್ಟವಾಗುತ್ತಿದ್ದ ಆಟ, ಗೆಳೆಯರು, ಊಟ ಕೂಡ ಬೇಡ, ನಿದ್ದೆ ಬರುವುದಿಲ್ಲ ಅಥವಾ ಇಡೀ ದಿನ ನಿದ್ದೆ, ಕಾರಣವಿಲ್ಲದೆ ಅಳು ಎಂದಾದರೆ ಅದು ಖಿನ್ನತೆಯಾಗಿರಬಹುದು. ಚಿಕ್ಕಂದಿನಿಂದಲೂ ಒಂದು ಕಡೆ ಗಮನ ನಿಲ್ಲದೆ, ವಸ್ತುಗಳನ್ನು ಕಳೆದುಕೊಳ್ಳುತ್ತ, ಶುರು ಮಾಡಿದ್ದನ್ನು ಮುಗಿಸಲಾಗದೆ ಒದ್ದಾಡಿದವರಲ್ಲಿ ಗಮನಕ್ಕೆ ಸಂಬಂಧಿಸಿದ ತೊಂದರೆ ಇರಬಹುದು. ರಕ್ತಹೀನತೆ ಮತ್ತು ಥೈರಾಯ್ಡ್ ಸಮಸ್ಯೆ ಕೂಡ ಸುಸ್ತನ್ನೂ ನಿರಾಸಕ್ತಿಯನ್ನೂ ತರುತ್ತವೆ. ಹೆಣ್ಣುಮಕ್ಕಳಲ್ಲಿ ಇವು ಹೆಚ್ಚು. ಇವೆಲ್ಲಕ್ಕೂ ಚಿಕಿತ್ಸೆ ಇದೆ. ವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ, ಮನೆಯ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡಲೂಬೇಡಿ.

ಯಾರ ಬಳಿ ಹೋಗಬೇಕೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಒಂದು ರಾತ್ರಿಯೂ ಕಾಯದೆ ಮನೆಯವರಿಗೆ ತಿಳಿಸಿ, ಈ ಸಂಖ್ಯೆಗೆ ಕರೆ ಮಾಡಿ.

ಇಂದೇ ಮಾಡಬಹುದಾದದ್ದು

ನೀವು ಬಹಳ ದಿನದಿಂದ ಮುಂದೂಡುತ್ತಿರುವ ಒಂದೇ ಒಂದು ಕೆಲಸವನ್ನು ನೆನಪಿಸಿಕೊಳ್ಳಿ. ಅದರ ಮೊದಲ ಹತ್ತು ನಿಮಿಷದ ಭಾಗ ಯಾವುದು? ಪುಸ್ತಕ ಹುಡುಕುವುದೇ? ಉಪನ್ಯಾಸಕರಿಗೆ ಸಂದೇಶ ಕಳಿಸುವುದೇ? ಮೊದಲ ಸಾಲು ಬರೆಯುವುದೇ? ಅದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಪಕ್ಕದಲ್ಲಿ ಗಳಿಗೆ ಮತ್ತು ಜಾಗವನ್ನೂ ಬರೆಯಿರಿ. ಮೊಬೈಲನ್ನು ಮನೆಯಲ್ಲಿ ಯಾರ ಕೈಗಾದರೂ ಕೊಟ್ಟು, ಆ ಹತ್ತು ನಿಮಿಷ ಕುಳಿತುಕೊಳ್ಳಿ. ಹತ್ತು ನಿಮಿಷದ ನಂತರ ಏಳಬೇಕೆನಿಸಿದರೆ ಧಾರಾಳವಾಗಿ ಏಳಿ. ಇವತ್ತಿನ ಮಟ್ಟಿಗೆ ಅಷ್ಟು ಸಾಕು. ಸಮಯಕ್ಕೆ ಸರಿಯಾಗಿ ಊಟ ಮಾಡಿ, ಹೊತ್ತಿಗೆ ಮಲಗಿ. ನಾಳೆ ಅದೇ ಗಳಿಗೆಗೆ ಅದೇ ಜಾಗದಲ್ಲಿ ಚೀಟಿಯ ಎರಡನೇ ಸಾಲು.